ಮದುವೆ ಗದ್ದಲದ ನಡುವೆ ನಾಲ್ಕು ದಿನ ಹೊರದೇಶಕ್ಕೆ: ಬಳ್ಳಾರಿ ಕಡೆಯ ಜೋಡಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ನಿಶ್ಚಿತಾರ್ಥ ಆಗಿ, ಮದುವೆ ಇನ್ನೂ ಮುಂದಿರುವಾಗ ನಾವಿಬ್ಬರೂ ಶ್ರೀಲಂಕಾಕ್ಕೆ ಹೋಗಿ ಬಂದೆವು. ಆಮೇಲೆ ಚಿಕ್ಕಮ್ಮನ ಮಕ್ಕಳು, ಆಫೀಸಿನ ಹುಡುಗಿಯರು, ತೋರಣಗಲ್ಲಿನಲ್ಲಿ ಕೆಲಸ ಮಾಡುವ ನಮ್ಮ ಯಜಮಾನರ ಸ್ನೇಹಿತರು, ಸಿಂಧನೂರು, ಗಂಗಾವತಿ ಕಡೆಯಿಂದ ಕಾಗದ ಬರೆದವರು, ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಇದೇ ಪ್ರಶ್ನೆಗಳನ್ನು. ಅವರು ಕೇಳಿದ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಸಾಕು.

## ಹೊರಡುವ ಮೊದಲಿನ ಮಾತು

ಮದುವೆ ಕೆಲಸ ರಾಶಿ ಬಿದ್ದಿದೆ. ಇಂಥ ಹೊತ್ತಲ್ಲಿ ಟೂರ್ ಯಾಕೆ ಬೇಕು?

ರಾಶಿ ಬಿದ್ದಿರುವುದರಿಂದಲೇ ಬೇಕು. ನಮ್ಮ ಕಡೆ ಮದುವೆ ಗೊತ್ತಾಯಿತು ಅಂದರೆ ಹುಡುಗ, ಹುಡುಗಿ ಇಬ್ಬರ ತಲೆಯೂ ಪಟ್ಟಿಯಿಂದ ತುಂಬಿಹೋಗುತ್ತದೆ. ಕಲ್ಯಾಣ ಮಂಟಪಕ್ಕೆ ಮುಂಗಡ ಕೊಟ್ಟಾಯಿತಾ, ಅಡುಗೆಯವರು ಒಪ್ಪಿದರಾ, ಜವಳಿ ತರಲು ಬೀಗರ ಕಡೆಯಿಂದ ಎಷ್ಟು ಜನ ಬರುತ್ತಾರೆ, ಪತ್ರಿಕೆಯಲ್ಲಿ ದೊಡ್ಡಪ್ಪನ ಹೆಸರು ಮೇಲಿರಬೇಕಾ ಕೆಳಗಾ. ರಾತ್ರಿ ಇಬ್ಬರೂ ಫೋನಿನಲ್ಲಿ ಮಾತಾಡುವುದೂ ಇದನ್ನೇ. ಬೆಂಗಳೂರು ರೋಡಿನ ಬಟ್ಟೆ ಅಂಗಡಿಯಲ್ಲಿ ಭೇಟಿಯಾದರೆ ಸುತ್ತ ಒಂದು ಗುಂಪೇ ಇರುತ್ತದೆ. ಸೀರೆಯ ಅಂಚಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಉಡುವವಳೊಬ್ಬಳು ಬಿಟ್ಟು.

ಈ ಗದ್ದಲದಲ್ಲಿ ನಿಜವಾಗಿ ಮಾತಾಡಬೇಕಾದ ವಿಷಯ ಹಿಂದೆ ಬೀಳುತ್ತದೆ. ಮದುವೆ ಆದಮೇಲೆ ಇರುವುದು ಎಲ್ಲಿ? ಕೆಲಸ ಬಿಡಬೇಕಾಗುತ್ತದಾ? ತಂಗಿಯ ಓದಿನ ಖರ್ಚು ಯಾರು ನೋಡುತ್ತಾರೆ? ಹಂದರದ ಬಣ್ಣಕ್ಕಿಂತ ಇವು ದೊಡ್ಡ ಮಾತು, ಅಲ್ವಾ? ಅವಕ್ಕೆ ಅರ್ಧ ಗಂಟೆಯ ಬಿಡುವು ಸಾಲುವುದಿಲ್ಲ. ಒಂದೆರಡು ದಿನ ಸುಮ್ನೆ ಜೊತೆಯಲ್ಲಿದ್ದ ಮೇಲೆ ತಾವಾಗಿಯೇ ಬಾಯಿಗೆ ಬರುವ ಮಾತುಗಳವು. ಈ ಪ್ರವಾಸದಿಂದ ನಮಗೆ ಸಿಕ್ಕಿದ್ದು ಆ ಪುರುಸೊತ್ತು. ನೋಡಿದ ಜಾಗಗಳು ಅದಾದ ಮೇಲೆ.

ಹಂಪಿ, ಗೋವಾ ಇರುವಾಗ ಹೊರದೇಶ ಯಾಕೆ?

ಹಂಪಿ, ಸಂಡೂರಿಗೆ ಹೋದರೆ ಯಾರಾದರೂ ಗುರುತಿನವರು ಸಿಕ್ಕೇ ಸಿಗುತ್ತಾರೆ. ಗೋವಾದಲ್ಲಿದ್ದರೂ 'ಹುಬ್ಬಳ್ಳಿ ಮೇಲೇ ಬರ್ತೀರಲ್ಲ, ಆ ಒಂದು ಸಾಮಾನು ನೋಡ್ಕೊಂಡು ಬಂದುಬಿಡಿ' ಅಂತ ಫೋನ್ ಬರುತ್ತದೆ. ದೇಶ ದಾಟಿದ್ದಾರೆ ಅಂದರೆ ಮನೆಯವರೂ ಕೆಲಸ ಹೇಳುವುದಿಲ್ಲ. ಆದರೂ ಪಾಸ್‌ಪೋರ್ಟ್ ಸಿಗದೆ ಇದ್ದರೆ, ರಜೆ ಕಡಿಮೆ ಇದ್ದರೆ ಗೋಕರ್ಣವೂ ಆಗುತ್ತದೆ. ಅದಕ್ಕೆ ಬೇಜಾರು ಬೇಡ.

ಹನಿಮೂನ್‌ಗೆ ಹೆಂಗೂ ಹೋಗ್ತೀವಲ್ಲಕ್ಕಾ, ಎರಡೆರಡು ಸಲ ಯಾಕೆ?

ಹನಿಮೂನಿಗೆ ಹೋಗುವ ಹೊತ್ತಿಗೆ ಎಲ್ಲ ತೀರ್ಮಾನವೂ ಆಗಿಹೋಗಿರುತ್ತದೆ. ಇದು ತೀರ್ಮಾನಕ್ಕೆ ಮುಂಚಿನ ಪ್ರವಾಸ. ದುಡ್ಡು ಒಂದಕ್ಕೇ ಇದ್ದರೆ ಇದಕ್ಕೇ ಹಾಕಿ ಅನ್ನುತ್ತೇನೆ. ಮದುವೆಯಾದ ಮೇಲೆ ಯಾವಾಗ ಬೇಕಾದರೂ ಹೋಗಬಹುದು, ಯಾರೂ ಕೇಳುವುದಿಲ್ಲ.

ಮದುವಿ ಮುಂಚೆ ಇಬ್ಬರೇ ಹೋದ್ರೆ ಮಂದಿ ಏನಂತಾರೆ? ಮನೇಲಿ ಹೆಂಗೆ ಕೇಳೋದು?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಸುಲಭದ್ದು ಅಂತ ನಾನು ಹೇಳುವುದಿಲ್ಲ.

ಮೊದಲು ಒಂದು ಮಾತು: ಸುಳ್ಳು ಹೇಳಿ ಹೋಗಬೇಡಿ. ಆಫೀಸಿನ ಟ್ರೈನಿಂಗ್ ಅಂತ ಹೇಳಿ ಹೋದವರ ಸುದ್ದಿ ಒಂದೇ ಫೋಟೊದಿಂದ ಹೊರಗೆ ಬರುತ್ತದೆ. ಆಗ ಮಾತು ಬರುವುದು ಪ್ರವಾಸಕ್ಕಲ್ಲ, ಸುಳ್ಳಿಗೆ. ಅದರಲ್ಲೂ ಹುಡುಗಿಯ ಮನೆಯವರು ಬೀಗರ ಮುಂದೆ ತಲೆ ತಗ್ಗಿಸುವ ಹಾಗಾಗುತ್ತದೆ.

ಕೇಳುವ ಕ್ರಮ ಹೀಗಿರಲಿ. ಇಬ್ಬರೂ ಅದೇ ದಿನ, ಅವರವರ ಮನೆಯಲ್ಲಿ ಹೇಳಿ. ಒಂದು ಮನೆಗೆ ಇನ್ನೊಂದು ಮನೆಯಿಂದ ಗೊತ್ತಾಗಬಾರದು. ಮೊದಲು ಅಮ್ಮನಿಗೆ ಹೇಳಿ, ಅಪ್ಪನ ಮುಂದೆ ಅಮ್ಮನೇ ಮಾತು ತೆಗೆಯಲಿ. ಎಲ್ಲಿಗೆ, ಯಾವ ದಿನ ಹೋಗಿ ಯಾವ ದಿನ ಬರುತ್ತೀರಿ, ಎಲ್ಲಿ ಇಳಿದುಕೊಳ್ಳುತ್ತೀರಿ, ಎಷ್ಟು ಖರ್ಚು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಕೊಡಿ. ಹಿರಿಯರಿಗೆ ಭಯ ಇರುವುದು ಗೊತ್ತಿಲ್ಲದ್ದರ ಬಗ್ಗೆ. ಬರೆದ ಹಾಳೆ ಕೈಯಲ್ಲಿದ್ದರೆ ಅರ್ಧ ಭಯ ಕಡಿಮೆ.

ನಮ್ಮ ಮನೆಯಲ್ಲಿ ಅಪ್ಪ ಆ ಹಾಳೆಯನ್ನು ಮಡಚಿ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡರು, ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ 'ರೂಮು ಎರಡು ತಗೊಳ್ರಿ, ದುಡ್ಡು ನಾ ಕೊಡ್ತೀನಿ' ಅಂದರು. ನಾವು ಎರಡು ರೂಮು ತೆಗೆದುಕೊಂಡೆವು. ಅವರು ಒಂದು ಹೆಜ್ಜೆ ಬಂದರು, ನಾವು ಒಂದು ಹೆಜ್ಜೆ ಹೋದೆವು. ನಿಮ್ಮ ಮನೆಯಲ್ಲೂ ಇಂಥ ಒಂದು ಷರತ್ತು ಬಂದರೆ ವಾದ ಮಾಡದೆ ಒಪ್ಪಿಕೊಳ್ಳಿ. ಅಕ್ಕ ಭಾವ ಜೊತೆಗೆ ಬರುತ್ತೇವೆ ಅಂದರೂ ಸರಿ, ಸಂಜೆಯ ಹೊತ್ತನ್ನು ನಿಮ್ಮಿಬ್ಬರಿಗೆ ಬಿಡುವಂತೆ ಅಕ್ಕನಿಗೆ ಮೊದಲೇ ಹೇಳಿಡಿ.

ಮನೆಯವರು ಒಪ್ಪಲೇ ಇಲ್ಲವಾ? ಹಟ ಮಾಡಿ ಹೋಗಬೇಡಿ. ಸಮಾಧಾನಕ್ಕೆ ಅಂತ ಹೊರಟ ಪ್ರವಾಸ ಇನ್ನೊಂದು ಜಗಳ ಹೊತ್ತು ತಂದರೆ ಪ್ರಯೋಜನವಿಲ್ಲ.

ಯಾವಾಗ ಹೋಗಬೇಕು? ನಿಶ್ಚಿತಾರ್ಥ ಆದ ತಕ್ಷಣವಾ, ಮದುವೆ ಹತ್ತಿರ ಬಂದಾಗವಾ?

ಮಂಟಪ ಗೊತ್ತಾಗಿರಬೇಕು, ಪತ್ರಿಕೆ ಇನ್ನೂ ಅಚ್ಚಾಗಿರಬಾರದು. ಈ ನಡುವಿನ ಕಾಲವೇ ಸರಿ. ಪತ್ರಿಕೆ ಬಂದು, ಮೊದಲನೆಯದನ್ನು ಕನಕ ದುರ್ಗಮ್ಮನ ಮುಂದೆಯೋ ಹುಲಿಗೆಮ್ಮನ ಮುಂದೆಯೋ ಇಟ್ಟ ಮೇಲೆ ಊರೂರು ತಿರುಗಿ ಕರೆಯುವ ಕೆಲಸ ಶುರುವಾಗುತ್ತದೆ. ಆಗ ನಾಲ್ಕು ದಿನ ಇರಲಿ, ನಾಲ್ಕು ಗಂಟೆ ಸಿಗುವುದಿಲ್ಲ. ಅರಿಶಿಣ ಹಚ್ಚಿದ ಮೇಲಂತೂ ಹೊಸ್ತಿಲು ದಾಟಲು ಬಿಡುವುದಿಲ್ಲ.

ಆಷಾಢ ಒಳ್ಳೆಯ ಕಾಲ. ಮುಹೂರ್ತ ಇರುವುದಿಲ್ಲ, ಹಾಗಾಗಿ ಅಡುಗೆಯವರು, ಹಂದರದವರು, ಫೋಟೊದವರು ಯಾರೂ ಅವಸರ ಮಾಡುವುದಿಲ್ಲ. ಧನುರ್ಮಾಸದಲ್ಲೂ ಮದುವೆ ಇಲ್ಲ. ಆದರೆ ಅದು ಕ್ರಿಸ್‌ಮಸ್, ಹೊಸ ವರ್ಷದ ಸೀಸನ್, ಟಿಕೆಟ್ ರೇಟು ಏರಿರುತ್ತದೆ. ಸಂಕ್ರಾಂತಿ ಮುಗಿದ ಮೇಲೆ ನೋಡಿ.

## ಕಾಗದ ಪತ್ರ, ದೇಶ, ದಾರಿ

ಇಬ್ಬರ ಹತ್ರಾನೂ ಪಾಸ್‌ಪೋರ್ಟ್ ಇಲ್ಲ. ಬೆಂಗಳೂರಿಗೆ ಹೋಗಲೇಬೇಕಾ?

ಬೇಡ. ಬಳ್ಳಾರಿ, ರಾಯಚೂರಿನಲ್ಲಿ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ಪಾಸ್‌ಪೋರ್ಟ್ ಸೇವಾ ವೆಬ್‌ಸೈಟಿನಲ್ಲಿ ಅರ್ಜಿ ತುಂಬಿ, ದುಡ್ಡು ಕಟ್ಟಿ, ದಿನ ಗೊತ್ತು ಮಾಡಿಕೊಂಡು ಮೂಲ ದಾಖಲೆ ಹಿಡಿದು ಹೋಗಬೇಕು. ದೊಡ್ಡವರಿಗೆ 36 ಪುಟದ ಪುಸ್ತಕಕ್ಕೆ 1,500 ರೂಪಾಯಿ. ತತ್ಕಾಲ್ ಆದರೆ ಮೇಲೆ 2,000. ಅವಧಿ 10 ವರ್ಷ.

ತಡವಾಗುವುದು ಹೆಚ್ಚಾಗಿ ಪೊಲೀಸ್ ಪರಿಶೀಲನೆಯಲ್ಲಿ. ಕೆಲಸಕ್ಕೆ ಬೆಂಗಳೂರಿನಲ್ಲಿದ್ದು ಊರಿನ ವಿಳಾಸ ಕೊಟ್ಟರೆ, ಠಾಣೆಯವರು ಬಂದಾಗ ನೀವು ಸಿಗುವುದಿಲ್ಲ. ಈಗ ಎಲ್ಲಿ ಇದ್ದೀರೋ ಆ ವಿಳಾಸವನ್ನೇ ಕೊಡಿ. ಆಧಾರ್‌ನಲ್ಲೂ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲೂ ಹೆಸರಿನ ಸ್ಪೆಲ್ಲಿಂಗ್, ಇನಿಷಿಯಲ್ ಒಂದೇ ಥರ ಇದೆಯಾ ಅಂತ ಅರ್ಜಿ ಹಾಕುವ ಮೊದಲೇ ನೋಡಿ. ನಮ್ಮ ಕಡೆಯವರಿಗೆ ಅಪ್ಪನ ಹೆಸರು, ಮನೆತನದ ಹೆಸರು ಒಂದೊಂದು ದಾಖಲೆಯಲ್ಲಿ ಒಂದೊಂದು ರೀತಿ ಇರುವುದು ಸಾಮಾನ್ಯ. ಪಾಸ್‌ಪೋರ್ಟ್ ಕೈಗೆ ಬರುವವರೆಗೂ ಟಿಕೆಟ್ ತೆಗೆಯಬೇಡಿ.

ಪಾಸ್‌ಪೋರ್ಟ್ ಇಲ್ಲದೇ ಹೋಗೋ ದೇಶ ಇದೆ ಅಂತಾರೆ, ನಿಜಾನಾ?

ನಿಜ. ನೇಪಾಳ, ಭೂತಾನ್ ಎರಡಕ್ಕೂ ಭಾರತದವರು ಮತದಾರರ ಗುರುತಿನ ಚೀಟಿ ತೋರಿಸಿ ಹೋಗಬಹುದು. ಮದುವೆ ವಯಸ್ಸಿನ ಜೋಡಿಗಳು ನೇಪಾಳದ ವಿಮಾನಕ್ಕೆ ಆಧಾರ್ ಹಿಡಿದು ಹೋಗಬೇಡಿ, ಅದು 15 ವರ್ಷಕ್ಕಿಂತ ಚಿಕ್ಕವರಿಗೆ, 65 ದಾಟಿದವರಿಗೆ ಮಾತ್ರ ನಡೆಯುತ್ತದೆ. ನೇಪಾಳದಲ್ಲಿ ನಮ್ಮ 1 ರೂಪಾಯಿಗೆ ಅಲ್ಲಿನ 1.60 ರೂಪಾಯಿ. 100 ರೂಪಾಯಿ ನೋಟುಗಳನ್ನೇ ಒಯ್ಯಿರಿ, ಅಂಗಡಿಗಳಲ್ಲಿ ಅವು ಸಲೀಸು.

ಭೂತಾನ್ ಚೆಂದದ ದೇಶ. ಆದರೆ ಭಾರತದವರು ಒಂದು ರಾತ್ರಿಗೆ ತಲಾ 1,200 ರೂಪಾಯಿ ಶುಲ್ಕ ಕಟ್ಟಬೇಕು. ನಾಲ್ಕು ರಾತ್ರಿಗೆ ಇಬ್ಬರಿಗೂ 9,600 ಅದಕ್ಕೇ ಹೋಗುತ್ತದೆ.

ಯಾವ ದೇಶ ಸಸ್ತಾ? ಯಾವುದು ಹತ್ತಿರ?

ನನ್ನ ಆಯ್ಕೆ ಶ್ರೀಲಂಕಾ. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ಬಳ್ಳಾರಿಯಿಂದ ಹೊಸಪೇಟೆಗೆ ಬಸ್ಸಿನಲ್ಲಿ ಹೋಗುವಷ್ಟು ಹೊತ್ತು. ಗಡಿಯಾರ ತಿರುಗಿಸುವ ಕೆಲಸವೂ ಇಲ್ಲ, ಅಲ್ಲಿನ ಸಮಯ ನಮ್ಮದೇ. ನಮ್ಮ ಒಂದು ರೂಪಾಯಿಗೆ ಅಲ್ಲಿನ ಮೂರು ರೂಪಾಯಿಗಿಂತ ಜಾಸ್ತಿ ಬರುತ್ತದೆ. ಅನ್ನ, ಬೇಳೆ, ತೆಂಗಿನಕಾಯಿ ಊಟ. ನಾಲ್ಕೇ ದಿನ ಇದ್ದಾಗ ಪ್ರಯಾಣಕ್ಕೆ ದಿನ ಹಾಳಾಗಬಾರದು, ಅದೇ ಮುಖ್ಯ.

ಹೋಗುವ ಮೊದಲು ಇಟಿಎ ಅನ್ನುವ ಅನುಮತಿಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಬೇಕು. ಅದೇ ರೀತಿ ಕಾಣುವ ಖಾಸಗಿ ವೆಬ್‌ಸೈಟುಗಳು ಸುಮ್ನೆ ದುಡ್ಡು ಕೀಳುತ್ತವೆ. ಶ್ರೀಲಂಕಾ ಸರ್ಕಾರದ ವಿಳಾಸ 'ಜಿಒವಿ ಡಾಟ್ ಎಲ್‌ಕೆ' ಎಂದು ಮುಗಿಯುತ್ತದೆ, ನೋಡಿಕೊಳ್ಳಿ.

ಮಳೆಗಾಲದ ಲೆಕ್ಕ ತಿಳಿದಿರಲಿ. ಕೊಲಂಬೊ, ಗಾಲೆ ಇರುವ ನೈಋತ್ಯ ಕರಾವಳಿಗೆ ಡಿಸೆಂಬರ್‌ನಿಂದ ಮಾರ್ಚ್ ಚೆನ್ನ. ಮೇನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮುಂಗಾರು. ಆಗ ಟ್ರಿಂಕೋಮಲಿ ಇರುವ ಪೂರ್ವ ಕರಾವಳಿ ಒಣಗಿರುತ್ತದೆ, ಆದರೆ ಕೊಲಂಬೊದಿಂದ ದೂರ. ಆಷಾಢದಲ್ಲಿ ಹೊರಡುವವರು ಮಳೆಗೆ ಮನಸ್ಸು ಗಟ್ಟಿ ಮಾಡಿಕೊಳ್ಳಿ, ಇಲ್ಲವೇ ಬೇರೆ ದೇಶ ನೋಡಿ.

ಮಲೇಷ್ಯಾಕ್ಕೆ 2026ರ ಡಿಸೆಂಬರ್ 31ರವರೆಗೆ ಭಾರತದವರಿಗೆ 30 ದಿನದ ಮಟ್ಟಿಗೆ ವೀಸಾ ಬೇಡ. ಇಳಿಯುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್ ಕಾರ್ಡ್ ತುಂಬಬೇಕು. ವಿಯೆಟ್ನಾಮಿಗೆ ಇ-ವೀಸಾ, ಒಂದು ಸಲದ ಪ್ರವೇಶಕ್ಕೆ 25 ಡಾಲರ್. ಅಲ್ಲಿನ ದನಾಂಗ್ ಕಡೆ ಆಷಾಢದಲ್ಲಿ ಬಿಸಿಲಿರುತ್ತದೆ. ಥಾಯ್ಲೆಂಡಿಗೆ 2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ಕಡ್ಡಾಯ. ವೀಸಾ ನಿಯಮಗಳು ಆಗಾಗ ಬದಲಾಗುತ್ತವೆ. ಹೋಗಿಬಂದ ಗೆಳೆಯರ ಮಾತಿಗಿಂತ, ಟಿಕೆಟ್ ತೆಗೆಯುವ ದಿನ ಆ ದೇಶದ ಸರ್ಕಾರಿ ವೆಬ್‌ಸೈಟಿನಲ್ಲಿ ಏನಿದೆಯೋ ಅದನ್ನು ನಂಬಿ.

ಮದುವೆ ಸರ್ಟಿಫಿಕೇಟ್ ಇಲ್ಲದೆ ರೂಮ್ ಕೊಡ್ತಾರಾ? ಏರ್‌ಪೋರ್ಟಲ್ಲಿ ಕೇಳ್ತಾರಾ?

ಇಮಿಗ್ರೇಷನ್ ಕೌಂಟರಿನಲ್ಲಿ ನೋಡುವುದು ಪಾಸ್‌ಪೋರ್ಟು, ವಾಪಸ್ ಟಿಕೆಟ್ಟು, ಇಳಿದುಕೊಳ್ಳುವ ಜಾಗ, ಕೈಯಲ್ಲಿರುವ ದುಡ್ಡು. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ. 'ಇವರು ಯಾರು' ಅಂತ ಕೇಳಿದರೆ ಮದುವೆ ನಿಶ್ಚಯವಾಗಿದೆ ಅನ್ನಿ, ಅದರಲ್ಲಿ ಮುಚ್ಚಿಡುವುದೇನೂ ಇಲ್ಲ. ಶ್ರೀಲಂಕಾದ ಗೆಸ್ಟ್‌ಹೌಸುಗಳಲ್ಲಿ ನಮ್ಮನ್ನು ಯಾರೂ ಆ ಕಾಗದ ಕೇಳಲಿಲ್ಲ. ತಕರಾರು ಬಂದರೆ ನಮ್ಮ ದೇಶದಲ್ಲೇ, ಏರ್‌ಪೋರ್ಟ್ ಹತ್ತಿರ ರಾತ್ರಿ ತಂಗುವ ಲಾಡ್ಜುಗಳಲ್ಲಿ. ಫೋನ್ ಮಾಡಿ ಕೇಳಿಕೊಂಡೇ ಬುಕ್ ಮಾಡಿ.

ವಿಮಾನ ಬೆಂಗಳೂರಿಂದ ಹಿಡಿಯೋದಾ, ಹೈದರಾಬಾದಿಂದಾನಾ?

ಬಳ್ಳಾರಿ, ಕೊಪ್ಪಳದವರಿಗೆ ಬೆಂಗಳೂರು. ರಾಯಚೂರಿನವರಿಗೆ ಹೈದರಾಬಾದೇ ಹತ್ತಿರ, ಮೆಹಬೂಬ್‌ನಗರದ ಮೇಲೆ ಏರ್‌ಪೋರ್ಟ್ ಇರುವ ಶಂಷಾಬಾದಿಗೆ ಸುಮಾರು 200 ಕಿ.ಮೀ. ಎರಡೂ ಕಡೆಯ ರೇಟು ನೋಡಿ ತೀರ್ಮಾನಿಸಿ.

ಬಳ್ಳಾರಿಯಿಂದ ಕಾರಿನಲ್ಲಿ ಹೋಗುವವರು ಚಿತ್ರದುರ್ಗ, ತುಮಕೂರು ಸುತ್ತಿ ಊರೊಳಗೆ ಹೊಕ್ಕು ಹೋಗಬೇಕಿಲ್ಲ. ಅನಂತಪುರಕ್ಕೆ ಹೋಗಿ ರಾಷ್ಟ್ರೀಯ ಹೆದ್ದಾರಿ 44 ಹಿಡಿದರೆ ಪೆನುಕೊಂಡ, ಬಾಗೇಪಲ್ಲಿ, ಚಿಕ್ಕಬಳ್ಳಾಪುರ ದಾಟಿ ದೇವನಹಳ್ಳಿಗೇ ಬರುತ್ತೀರಿ. ಬೆಂಗಳೂರಿನ ಟ್ರಾಫಿಕ್ಕೇ ತಾಗುವುದಿಲ್ಲ. ರೈಲಿನವರಿಗೆ ಹಂಪಿ ಎಕ್ಸ್‌ಪ್ರೆಸ್ ಇದೆ. ಕೊಪ್ಪಳ, ಹೊಸಪೇಟೆ, ಬಳ್ಳಾರಿ ಮೂರೂ ಕಡೆ ನಿಲ್ಲುತ್ತದೆ. ಯಲಹಂಕದಲ್ಲಿ ಇಳಿದರೆ ಏರ್‌ಪೋರ್ಟ್ ಹತ್ತಿರ. ಬೆಳಗಿನ ವಿಮಾನಕ್ಕೆ ಅದೇ ರಾತ್ರಿಯ ರೈಲನ್ನು ನಂಬಬೇಡಿ. ಮಧ್ಯಾಹ್ನದ ನಂತರದ ವಿಮಾನ ತೆಗೆದುಕೊಳ್ಳಿ. ಮೂರು ಗಂಟೆ ಮುಂಚೆ ಅಲ್ಲಿರಬೇಕು.

## ದುಡ್ಡಿನ ಮಾತು

ಇಬ್ಬರಿಗೂ ಸೇರಿ ಎಷ್ಟಾಗುತ್ತೆ? ಖರೇ ಲೆಕ್ಕ ಹೇಳ್ರಿ.

ನಾಲ್ಕು ರಾತ್ರಿಯ ಶ್ರೀಲಂಕಾ ಪ್ರವಾಸಕ್ಕೆ ನಾನು ಎಲ್ಲರಿಗೂ ಹಾಕಿಕೊಡುವ ಅಂದಾಜು ಇದು. ವಿಮಾನಕ್ಕೆ 30ರಿಂದ 40 ಸಾವಿರ. ಒಂದು ರೂಮಾದರೆ ರಾತ್ರಿಗೆ 2,500ರಿಂದ 3,500ರಂತೆ 10ರಿಂದ 14 ಸಾವಿರ. ಊಟ ತಿಂಡಿಗೆ 8ರಿಂದ 10 ಸಾವಿರ. ರೈಲು, ಆಟೋ, ನೋಡುವ ಜಾಗಗಳ ಟಿಕೆಟ್ 6ರಿಂದ 8 ಸಾವಿರ. ಊರಿಂದ ಏರ್‌ಪೋರ್ಟಿಗೆ ಹೋಗಿ ಬರಲು 4ರಿಂದ 6 ಸಾವಿರ. ಇನ್ಶೂರೆನ್ಸ್, ಸಿಮ್ ಎಲ್ಲ ಸೇರಿ 2ರಿಂದ 3 ಸಾವಿರ. ಒಟ್ಟು 60ರಿಂದ 81 ಸಾವಿರದ ಒಳಗೆ. ಎರಡು ರೂಮು ಬೇಕಾದವರು ಅಷ್ಟು ಸೇರಿಸಿಕೊಳ್ಳಿ. ಮೇಲೆ 10 ಸಾವಿರ ಮುಟ್ಟದೆ ಇಟ್ಟುಕೊಳ್ಳಿ.

ಈ ಲೆಕ್ಕದಲ್ಲಿ ಏರಿಳಿತ ಇರುವುದು ವಿಮಾನದ್ದೇ. ಶನಿವಾರ, ಭಾನುವಾರ ಬಿಟ್ಟು ವಾರದ ನಡುವೆ ಹೊರಡಿ. ಕೈಚೀಲದ ತೂಕದಲ್ಲೇ ಮುಗಿಸಿದರೆ ಬ್ಯಾಗಿನ ದುಡ್ಡೂ ಉಳಿಯುತ್ತದೆ. ನಾಲ್ಕು ದಿನಕ್ಕೆ ಎಷ್ಟು ಬಟ್ಟೆ ಬೇಕು?

ಈ ದುಡ್ಡು ಯಾರು ಕೊಡೋದು?

ಇಬ್ಬರೂ ಅರ್ಧರ್ಧ, ಸ್ವಂತ ಸಂಬಳದಿಂದ. ಮದುವೆಗೆ ಅಂತ ಅಪ್ಪ ಕೂಡಿಟ್ಟ ದುಡ್ಡಿಗೆ ಕೈ ಹಾಕಬೇಡಿ. ಹುಡುಗನ ಮನೆಯವರೇ ಕೊಟ್ಟರೆ ನಾಳೆ ಅದು ಕೊಡುಕೊಳ್ಳುವ ಮಾತಿನಲ್ಲಿ ಸೇರಿಕೊಳ್ಳುತ್ತದೆ. ಸಾಲ ಮಾಡಿಯಂತೂ ಖಂಡಿತ ಬೇಡ. ದುಡ್ಡು ಕೂಡುವವರೆಗೆ ಕಾಯಿರಿ, ಇಲ್ಲವೇ ದಿನ ಕಡಿಮೆ ಮಾಡಿ. ಒಂದು ಪುಸ್ತಕದಲ್ಲಿ ಇಬ್ಬರೂ ಸೇರಿ ಖರ್ಚು ಬರೆಯುವುದು ಮುಂದಿನ ಸಂಸಾರಕ್ಕೂ ಒಳ್ಳೆಯ ಅಭ್ಯಾಸ. ನಮ್ಮ ಯಜಮಾನರು ಎಲ್ಲಿ ಬಿಗಿ, ಎಲ್ಲಿ ಸಡಿಲ ಅಂತ ನನಗೆ ಗೊತ್ತಾಗಿದ್ದು ಆ ಪುಸ್ತಕದಿಂದಲೇ.

ಅಲ್ಲಿ ಫೋನ್‌ಪೇ ನಡೆಯುತ್ತಾ? ಕ್ಯಾಶ್ ಎಷ್ಟು ಒಯ್ಯಬೇಕು?

2024ರ ಫೆಬ್ರವರಿಯಿಂದ ಶ್ರೀಲಂಕಾದಲ್ಲಿ ಯುಪಿಐ ಶುರುವಾಗಿದೆ. ಲಂಕಾಕ್ಯೂಆರ್ ಅನ್ನುವ ಅಲ್ಲಿನ ಕ್ಯೂಆರ್ ಕೋಡ್ ಇರುವ ಅಂಗಡಿಗಳಲ್ಲಿ ನಡೆಯುತ್ತದೆ. ಊರಿನಲ್ಲಿರುವಾಗಲೇ ಆ್ಯಪಿನಲ್ಲಿ ಅಂತರರಾಷ್ಟ್ರೀಯ ಪಾವತಿ ಆನ್ ಮಾಡಿ, ನಿಮ್ಮ ಬ್ಯಾಂಕಿಗೆ ಆ ಸೌಲಭ್ಯ ಇದೆಯಾ ನೋಡಿ. ಆಟೋ, ಎಳನೀರು, ಸಣ್ಣ ಹೋಟೆಲಿಗೆ ಕ್ಯಾಶೇ ಬೇಕು. ನಮ್ಮ ರೂಪಾಯಿಯನ್ನು 25 ಸಾವಿರದವರೆಗೆ ಮಾತ್ರ ಹೊರಗೆ ಒಯ್ಯಬಹುದು. ಕ್ರೆಡಿಟ್ ಕಾರ್ಡ್ ಉಜ್ಜಿದರೆ ವಿನಿಮಯದ ಮೇಲೆ ಬ್ಯಾಂಕಿನವರು ಶೇಕಡಾ ಎರಡು ಮೂರು ಸೇರಿಸುತ್ತಾರೆ. ಅದನ್ನು ರೂಮಿನಂಥ ದೊಡ್ಡ ಬಿಲ್ಲಿಗೆ, ಬೇರೆ ದಾರಿ ಇಲ್ಲದಾಗ ಬಳಸಿ.

ಪ್ಯಾಕೇಜ್ ತಗೊಂಡ್ರೆ ತಲೆನೋವು ಇರಲ್ಲ ಅಲ್ವಾ?

ಪ್ಯಾಕೇಜಿನಲ್ಲಿ ಬೆಳಿಗ್ಗೆ ಏಳಕ್ಕೆ ಬಸ್ಸು ಹತ್ತಿಸಿ ರಾತ್ರಿ ಇಳಿಸುತ್ತಾರೆ. ಪಟ್ಟಿ ಹಿಡಿದು ಓಡುವುದು ಸಾಕಾಗಿ ಹೊರಟವರಿಗೆ ಮತ್ತೊಂದು ಪಟ್ಟಿ ಯಾಕೆ? ಅದರ ಮೇಲೆ ಟಿಸಿಎಸ್ ಅಂತ ತೆರಿಗೆಯನ್ನೂ ಹಿಡಿಯುತ್ತಾರೆ. ಐಟಿ ರಿಟರ್ನ್ಸ್ ಹಾಕಿದಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು, ಆದರೆ ಆಗಿನ ಮಟ್ಟಿಗೆ ದುಡ್ಡು ಕೈಬಿಟ್ಟು ಹೋಗುತ್ತದೆ. ವಿಮಾನ, ರೂಮು ನೀವೇ ಬುಕ್ ಮಾಡಿ. ಉಳಿದದ್ದನ್ನು ಅಲ್ಲಿಗೆ ಹೋಗಿ ನೋಡಿದರಾಯಿತು.

## ಅಲ್ಲಿ ಇಳಿದ ಮೇಲೆ

ನಾಲ್ಕು ರಾತ್ರಿಯಲ್ಲಿ ಏನೇನು ನೋಡಬಹುದು? ಸಿಗಿರಿಯಾ, ಕ್ಯಾಂಡಿ, 'ಎಲ್ಲಾ' ಅನ್ನೋ ಊರು, ಇವೆಲ್ಲ ಆಗುತ್ತಾ?

ಎಲ್ಲ ಆಗುವುದಿಲ್ಲ, ಆಗಿಸಲೂ ಬೇಡಿ. ಎರಡೇ ಜಾಗ ಆರಿಸಿ.

ಏರ್‌ಪೋರ್ಟ್ ಇರುವುದು ಕಟುನಾಯಕೆಯಲ್ಲಿ, ಕೊಲಂಬೊದಿಂದ ಸುಮಾರು 30 ಕಿ.ಮೀ. ಉತ್ತರಕ್ಕೆ. ಪಕ್ಕದಲ್ಲೇ ನೆಗೊಂಬೊ, ಮೀನುಗಾರರ ಊರು. ಮೊದಲ ರಾತ್ರಿ ಅಲ್ಲೇ ಇರಿ, ಏನೂ ನೋಡಬೇಡಿ, ನಿದ್ದೆ ಮಾಡಿ. ತಿಂಗಳುಗಟ್ಟಲೆ ಸರಿಯಾಗಿ ಮಲಗಿರುವುದಿಲ್ಲ.

ಮರುದಿನ ಕೊಲಂಬೊ ಫೋರ್ಟ್ ಸ್ಟೇಷನ್ನಿನಿಂದ ಗಾಲೆಗೆ ರೈಲು. 115 ಕಿ.ಮೀ. ಆಸುಪಾಸು, ಎರಡರಿಂದ ಎರಡೂವರೆ ಗಂಟೆ. ಹೋಗುವಾಗ ಬಲಗಡೆ ಕೂರಿ. ಹಳಿ ಎಷ್ಟು ಕಡೆ ಸಮುದ್ರಕ್ಕೆ ಅಂಟಿಕೊಂಡಿದೆ ಅಂದರೆ ಅಲೆ ಒಡೆದ ಹನಿ ಕಿಟಕಿಯ ಸರಳಿಗೆ ತಾಗುತ್ತದೆ. ಬಿಸಿಲಿನ ಬಳ್ಳಾರಿಯಲ್ಲಿ ಬೆಳೆದ ನಾನು ಸರಳು ಹಿಡಿದು ಹಾಗೇ ಕೂತುಬಿಟ್ಟೆ, ಕೈಯೆಲ್ಲ ಉಪ್ಪು ಉಪ್ಪು. ಎದುರಿನ ಸೀಟಿನ ಅಜ್ಜಿ ಕಾಗದದ ಪೊಟ್ಟಣದಿಂದ ಹುರಿದ ಕಡಲೆ ತೆಗೆದು ನಮ್ಮಿಬ್ಬರ ಕೈಗೂ ಹಾಕಿದರು. ಅವರ ಮಾತು ನಮಗೆ ಬರದು, ನಮ್ಮದು ಅವರಿಗೆ ಬರದು. ಮಂಟಪದ ಬಾಡಿಗೆ ವಿಷಯ ಬಿಟ್ಟು ನಾವಿಬ್ಬರೂ ಬೇರೆ ಮಾತು ಶುರು ಮಾಡಿದ್ದು ಆ ರೈಲಿನಲ್ಲಿ. ಅದೇ ದಾರಿಯ ಪೆರಲಿಯದಲ್ಲಿ 2004ರ ಸುನಾಮಿಗೆ ತುಂಬಿದ ರೈಲೊಂದು ಸಿಕ್ಕಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಸ್ಮಾರಕ ಇದೆ.

ಗಾಲೆಯಲ್ಲಿ ಎರಡು ರಾತ್ರಿ ಇರಿ. ಅಲ್ಲಿನ ಕೋಟೆಯನ್ನು ಮೊದಲು ಕಟ್ಟಿದವರು ಪೋರ್ಚುಗೀಸರು. 1640ರಲ್ಲಿ ಡಚ್ಚರು ಗೆದ್ದುಕೊಂಡು ಗಟ್ಟಿ ಮಾಡಿದರು. 1988ರಿಂದ ವಿಶ್ವ ಪರಂಪರೆಯ ತಾಣ. ಬಳ್ಳಾರಿ ಕೋಟೆಯ ಹಾಗೆ ಹತ್ತಬೇಕಿಲ್ಲ, ಜನ ಈಗಲೂ ಒಳಗೆ ವಾಸ ಮಾಡುತ್ತಾರೆ. ಸಂಜೆ ಗೋಡೆಯ ಮೇಲೆ ಒಂದು ಸುತ್ತು ನಡೆಯಿರಿ, ಟಿಕೆಟ್ ಇಲ್ಲ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕ್ರಿಕೆಟ್ ಸ್ಟೇಡಿಯಂ. ಹತ್ತಿರದಲ್ಲೇ ಉನವಟುನ ಬೀಚ್.

ಕೊನೆಯ ರಾತ್ರಿ ಕೊಲಂಬೊ. ಗಂಗಾರಾಮಯ ದೇವಾಲಯ, ಸಂಜೆ ಗಾಲೆ ಫೇಸ್ ಮೈದಾನ. ದೇವಾಲಯಗಳಲ್ಲಿ ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು. ಬುದ್ಧನ ಮೂರ್ತಿಗೆ ಬೆನ್ನು ಹಾಕಿ ಫೋಟೊ ತೆಗೆಸಿಕೊಳ್ಳಬೇಡಿ, ಅಲ್ಲಿ ಅದು ದೊಡ್ಡ ಅಪಚಾರ. ಹುಣ್ಣಿಮೆ ದಿನ 'ಪೋಯ' ಅಂತ ರಜೆ, ಎಷ್ಟೋ ಅಂಗಡಿ ಮುಚ್ಚಿರುತ್ತವೆ. ಕ್ಯಾಲೆಂಡರ್ ನೋಡಿಕೊಂಡು ಹೋಗಿ.

ನಾವು ಸಸ್ಯಾಹಾರಿಗಳು. ಉಪವಾಸ ಇರಬೇಕಾಗುತ್ತಾ?

ಇಲ್ಲ. ಪರಿಪ್ಪು ಅಂದರೆ ತೆಂಗಿನ ಹಾಲಿನ ಬೇಳೆ, ಇಡಿಯಾಪ್ಪ ಅಂದರೆ ನಮ್ಮ ಶಾವಿಗೆ ಥರದ್ದು, ಆಪ್ಪ, ಹಲಸಿನಕಾಯಿ ಪಲ್ಯ, ಎಲ್ಲ ಕಡೆ ಸಿಗುತ್ತದೆ. ಒಂದು ಎಚ್ಚರ ಮಾತ್ರ ಇರಲಿ. ಪೊಲ್ ಸಂಬೋಲ ಅನ್ನುವ ಕೆಂಪು ಕಾಯಿ ಚಟ್ನಿ ನೋಡಲು ನಮ್ಮ ಚಟ್ನಿಯ ಹಾಗೇ ಇರುತ್ತದೆ, ಆದರೆ ಬಹಳ ಕಡೆ ಅದರಲ್ಲಿ ಒಣಮೀನಿನ ಪುಡಿ ಹಾಕುತ್ತಾರೆ. ಪಲ್ಯಗಳಲ್ಲೂ ಹಾಕುವುದುಂಟು. ಆ ಒಣಮೀನಿಗೆ ಅಲ್ಲಿ ಉಂಬಲಕಡ ಅನ್ನುತ್ತಾರೆ. 'ಉಂಬಲಕಡ ಇದೆಯಾ' ಅಂತ ಹೆಸರು ಹಿಡಿದೇ ಕೇಳಿ, ಬರೀ ವೆಜ್ ಅಂದರೆ ಸಾಲದು. ಗಾಲೆ ಫೇಸಿನಲ್ಲಿ ಮಾರುವ ವಡೆಯ ಮೇಲೆ ಸೀಗಡಿ ಇರುತ್ತದೆ. ಕೊಲಂಬೊದಲ್ಲಿ ತಮಿಳರ ಶೈವ ಹೋಟೆಲುಗಳು ಪೂರ್ತಿ ಸಸ್ಯಾಹಾರಿ, ದೋಸೆ ಇಡ್ಲಿ ಸಿಗುತ್ತದೆ.

ಊರಿಂದ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಒಯ್ಯಿರಿ. ಮೊಸರು ಎಲ್ಲೆಡೆ ಸಿಗುತ್ತದೆ, ಎಮ್ಮೆ ಹಾಲಿನದು, ಮಣ್ಣಿನ ಕುಡಿಕೆಯಲ್ಲಿ. ರಾತ್ರಿ ಊಟ ಅಷ್ಟರಲ್ಲೇ ಆಗುತ್ತದೆ.

ಮನೆಯಿಂದ ಫೋನ್ ಬರ್ತಾನೇ ಇರುತ್ತೆ. ಸ್ವಿಚ್ ಆಫ್ ಮಾಡಿದ್ರೆ ಗಾಬರಿ ಆಗ್ತಾರೆ.

ಆಫ್ ಮಾಡಬೇಡಿ. ಹೋಗುವ ಮೊದಲು ಎರಡೂ ಮನೆಗೆ ಒಂದು ಹೊತ್ತು ಹೇಳಿಡಿ: ರಾತ್ರಿ ಎಂಟಕ್ಕೆ ನಾವೇ ಮಾಡುತ್ತೇವೆ. ಆ ಮಾತು ಒಂದು ದಿನವೂ ತಪ್ಪಬಾರದು. ಮದುವೆ ಕೆಲಸಕ್ಕೆ ಮನೆಯಲ್ಲಿ ಒಬ್ಬರನ್ನು ಗೊತ್ತು ಮಾಡಿ, ಅಣ್ಣನೋ ಮಾವನೋ. 'ಈ ನಾಲ್ಕು ದಿನ ನೀವು ಹೇಳಿದ್ದೇ ಆಯಿತು' ಅಂತ ಅವರಿಗೆ ಪೂರ್ತಿ ಬಿಟ್ಟುಕೊಡಿ. ಅವರು ಆರಿಸಿದ ಬ್ಯಾಂಡು ನಿಮಗೆ ಇಷ್ಟವಾಗದಿದ್ದರೂ ಬಂದ ಮೇಲೆ ತಕರಾರು ತೆಗೆಯಬೇಡಿ.

ಏರ್‌ಪೋರ್ಟಿನಲ್ಲೇ ಡಯಲಾಗ್ ಅಥವಾ ಮೊಬಿಟೆಲ್ ಪ್ರವಾಸಿ ಸಿಮ್ ಸಿಗುತ್ತದೆ, ಒಂದು ಸಾಕು. ಹಳೆಯ ನಂಬರಿಗೆ ಬರುವ ಹಂದರದವರು, ಹೂವಿನವರು, ವಿಡಿಯೊದವರ ಕರೆಗಳು ತಾವಾಗಿಯೇ ನಿಲ್ಲುತ್ತವೆ.

## ಸ್ವಲ್ಪ ಮುಂದಿನ ಪ್ರಶ್ನೆಗಳು

ಅಲ್ಲಿ ಹೋಗಿ ಇಬ್ಬರಿಗೂ ಜಗಳ ಆದರೆ? ಮದುವೇನೇ ಬೇಡ ಅನ್ನಿಸಿದರೆ?

ಒಬ್ಬ ತಂಗಿ ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ಇದನ್ನು ಕೇಳಿದಳು. ಸಣ್ಣ ಜಗಳ ಆಗುತ್ತದೆ. ಹಸಿವು, ಬಿಸಿಲು, ದಾರಿ ತಪ್ಪುವುದು, ಇವುಗಳಿಂದ. ಅದು ಒಂದು ಊಟದಲ್ಲಿ ಮುಗಿಯುತ್ತದೆ. ಅಂಥ ಹೊತ್ತಿನಲ್ಲಿ ಅವರು ಹೇಗೆ ಮಾತಾಡುತ್ತಾರೆ, ಹೋಟೆಲಿನ ಹುಡುಗನ ಜೊತೆ, ಆಟೋದವರ ಜೊತೆ ಹೇಗೆ ನಡೆದುಕೊಳ್ಳುತ್ತಾರೆ, ಅದನ್ನು ಗಮನಿಸಿ.

ಆದರೆ ಕೈ ಎತ್ತಿದರೆ, ನಿಮ್ಮ ಫೋನು, ದುಡ್ಡು, ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡರೆ, ಬೇಡ ಅಂದದ್ದಕ್ಕೆ ಒತ್ತಾಯ ಮಾಡಿದರೆ, ಅದು ಜಗಳ ಅಲ್ಲ. ಅಂಥದ್ದನ್ನು ಮನೆಯಲ್ಲಿ ಹೇಳಲೇಬೇಕು. ಮಂಟಪಕ್ಕೆ ಕೊಟ್ಟ ಮುಂಗಡ ಹೋದರೆ ಹೋಗಲಿ. ನಿಮ್ಮ ಪಾಸ್‌ಪೋರ್ಟ್, ಒಂದಿಷ್ಟು ದುಡ್ಡು, ವಾಪಸ್ ಟಿಕೆಟ್ ಯಾವಾಗಲೂ ನಿಮ್ಮ ಚೀಲದಲ್ಲೇ ಇರಲಿ. ಹುಡುಗ, ಹುಡುಗಿ ಇಬ್ಬರಿಗೂ ಈ ಮಾತು ಹೇಳುತ್ತೇನೆ.

ಕೂತು ಏನು ಮಾತಾಡಬೇಕು ಅಂತಾನೇ ಗೊತ್ತಾಗಲ್ಲ. ನೀವೇನು ಮಾತಾಡಿದ್ರಿ?

ಮದುವೆ ಕೆಲಸದ ಮಾತಿಗೆ ದಿನಕ್ಕೆ ಅರ್ಧ ಗಂಟೆ ಅಂತ ಗೆರೆ ಹಾಕಿಕೊಂಡೆವು. ಉಳಿದ ಹೊತ್ತಿನಲ್ಲಿ ಸಂಬಳ ಎಷ್ಟು, ಸಾಲ ಎಷ್ಟಿದೆ, ಅಪ್ಪ ಅಮ್ಮನಿಗೆ ತಿಂಗಳಿಗೆ ಎಷ್ಟು ಕಳಿಸಬೇಕು, ಮಕ್ಕಳು ಯಾವಾಗ, ಹಬ್ಬಕ್ಕೆ ಯಾವ ಮನೆ, ನನ್ನ ಕೆಲಸ ಬೆಂಗಳೂರಿಗೆ ವರ್ಗವಾದರೆ ಏನು. ಕೆಲವಕ್ಕೆ ಉತ್ತರ ಸಿಗಲಿಲ್ಲ, ಸಿಗದಿದ್ದರೂ ಇಬ್ಬರಿಗೂ ಪ್ರಶ್ನೆ ಗೊತ್ತಿತ್ತು. ದುಡ್ಡಿನ ಮಾತಿನಿಂದ ಶುರು ಮಾಡಿ, ಅದು ಎಲ್ಲಕ್ಕಿಂತ ಕಷ್ಟದ್ದು. ಅದು ಆದರೆ ಉಳಿದದ್ದು ಹಗುರ.

ಅಲ್ಲಿಂದ ಬಂಗಾರ ತಂದ್ರೆ ಕಡಿಮೆ ಬೀಳುತ್ತಾ? ಅತ್ತೆ ಕೇಳ್ತಿದ್ದಾರೆ.

ತರಬೇಡಿ. ಸುಂಕವಿಲ್ಲದೆ ಒಡವೆ ತರುವ ಅವಕಾಶ ಒಂದು ವರ್ಷಕ್ಕಿಂತ ಜಾಸ್ತಿ ಹೊರದೇಶದಲ್ಲಿ ವಾಸವಿದ್ದು ಬರುವವರಿಗೆ. ನಾಲ್ಕು ದಿನದ ಪ್ರವಾಸಿಗೆ ಅದು ಇಲ್ಲ. ಮೈಮೇಲಿನ ಬಂಗಾರವನ್ನೂ ಆದಷ್ಟು ಮನೆಯಲ್ಲೇ ಇಡಿ, ನಿಶ್ಚಿತಾರ್ಥದ ಉಂಗುರ ಸಾಕು. ಭಾರೀ ಒಡವೆ ಹಾಕಿಕೊಂಡು ಹೋಗಲೇಬೇಕಾದರೆ ಹೊರಡುವಾಗ ಕಸ್ಟಮ್ಸ್‌ನಲ್ಲಿ ತೋರಿಸಿ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಬರುವಾಗ ಅದು ನಿಮ್ಮದೇ ಅನ್ನುವುದಕ್ಕೆ ಆಧಾರ ಬೇಕು.

ಶ್ರೀಲಂಕಾದ ನೀಲಮಣಿ ಹೆಸರಾದದ್ದು ನಿಜ. ಆದರೆ ಆಟೋದವರು ಕರೆದೊಯ್ಯುವ ಅಂಗಡಿಯಲ್ಲಿ ಕೊಳ್ಳಬೇಡಿ. ಅತ್ತೆಗೆ ಚಹಾಪುಡಿ, ದಾಲ್ಚಿನ್ನಿ ತನ್ನಿ. ಅಲ್ಲಿನ ದಾಲ್ಚಿನ್ನಿ ತೆಳುವಾಗಿ ಸುರುಳಿ ಸುತ್ತಿರುತ್ತದೆ, ವಾಸನೆಯೇ ಬೇರೆ.

ಮದುವೆ ಆದ್ಮೇಲೆ ಹೆಸರು ಬದಲಾಗುತ್ತೆ. ಈಗ ಮಾಡಿಸಿದ ಪಾಸ್‌ಪೋರ್ಟ್ ವೇಸ್ಟ್ ಆಗಲ್ವಾ?

ಆಗುವುದಿಲ್ಲ. ಮದುವೆಯಾದರೆ ಪಾಸ್‌ಪೋರ್ಟಿನಲ್ಲಿ ಹೆಸರು ಬದಲಿಸಲೇಬೇಕು ಅಂತಿಲ್ಲ, ತವರಿನ ಹೆಸರಲ್ಲೇ ಅವಧಿ ಮುಗಿಯುವವರೆಗೆ ಬಳಸಬಹುದು. ಬದಲಿಸುವುದಾದರೆ ಟಿಕೆಟ್ ತೆಗೆಯುವ ಮುಂಚೆ ಬದಲಿಸಿ. ಟಿಕೆಟಿನ ಹೆಸರೂ ಪಾಸ್‌ಪೋರ್ಟಿನ ಹೆಸರೂ ಒಂದೇ ಇರಬೇಕು.

ಕೊನೇ ಗಳಿಗೆಯಲ್ಲಿ ಮನೇಲಿ ಹಿರಿಯರಿಗೆ ಏನಾದ್ರೂ ಆದರೆ?

ರೂಮುಗಳನ್ನು ಉಚಿತವಾಗಿ ರದ್ದು ಮಾಡುವ ಅವಕಾಶ ಇರುವಂಥವೇ ತೆಗೆಯಿರಿ, ಸ್ವಲ್ಪ ಜಾಸ್ತಿಯಾದರೂ ಚಿಂತೆಯಿಲ್ಲ. ಇನ್ಶೂರೆನ್ಸ್ ಇಬ್ಬರೂ ಬೇರೆ ಬೇರೆ ಮಾಡಿಸಿ, ಪ್ರವಾಸ ರದ್ದಾದರೆ, ಅರ್ಧಕ್ಕೆ ನಿಂತರೆ ದುಡ್ಡು ಕೊಡುವ ಪಾಲಿಸಿ ನೋಡಿ. 'ಕುಟುಂಬ' ಅಂದರೆ ಯಾರು ಯಾರು ಅಂತ ಅದರಲ್ಲಿ ಬರೆದಿರುತ್ತದೆ. ಮದುವೆಗೆ ಮುಂಚೆ ಹುಡುಗನ ಅಜ್ಜಿ ಹುಡುಗಿಯ ಪಾಲಿಸಿಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಆ ಪುಟವನ್ನು ಓದಿಯೇ ಸಹಿ ಹಾಕಿ.

ಅಲ್ಲಿದ್ದಾಗ ಸುದ್ದಿ ಬಂದರೆ ಇಬ್ಬರೂ ಜೊತೆಗೇ ಹೊರಡಿ. ಗಾಲೆಯಿಂದ ಏರ್‌ಪೋರ್ಟಿಗೆ ರೈಲಿಗೆ ಕಾಯದೆ ಹೆದ್ದಾರಿಯಲ್ಲಿ ಕಾರು ಮಾಡಿಕೊಳ್ಳಿ. ಬೆಂಗಳೂರಿಗೆ ಸೀಟು ಸಿಗದಿದ್ದರೆ ಚೆನ್ನೈಗೆ ನೋಡಿ, ಕೊಲಂಬೊದಿಂದ ಅಲ್ಲಿಗೂ ಅಷ್ಟೇ ಹೊತ್ತು. ಚೆನ್ನೈಯಿಂದ ಮುಂಬೈ ಕಡೆ ಹೋಗುವ ರೈಲು ಹತ್ತಿ ಗುಂತಕಲ್‌ನಲ್ಲಿ ಇಳಿಯಿರಿ. ಅಲ್ಲಿಗೆ ಮನೆಯಿಂದ ಯಾರಾದರೂ ಕಾರು ತರಲಿ, ಬಳ್ಳಾರಿ ಅಲ್ಲಿಂದ ಒಂದೂವರೆ ಗಂಟೆಯೊಳಗಿನ ದಾರಿ.